ಬಿಡುವ ವಿದ್ಯೆ

ಪರಿಚಿತರಾದ ಹಿರಿಯರೊಬ್ಬರ ಮೊಮ್ಮಗಳು ವಿನ್ಯಾಸಕಲೆಯ ವಿದ್ಯಾರ್ಥಿನಿ. ಅವಳ ಒತ್ತಾಯಕ್ಕೆ ಮಣಿದು ಒಂದು ದಿನ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಊರಿನ ಬಾಲಕಿಯರ ಖೋ-ಖೋ ಪಂದ್ಯಾವಳಿಗೆ ಭಿತ್ತಿಪತ್ರ ಹೇಗಿರಬೇಕೆಂದು ಆಲೋಚಿಸುವುದು ಅಂದಿನ ಪಾಠ. ಮೊದಲ ಅರ್ಧ ಗಂಟೆ ಯಾರೂ ಯಾರ ಸಲಹೆಯನ್ನೂ ಅಲ್ಲಗಳೆಯಕೂಡದು. ತೋಚಿದ್ದೆಲ್ಲ ಹಲಗೆಯ ಮೇಲೆ ಬರಬೇಕು ಎಂಬುದು ಅಧ್ಯಾಪಕಿಯ ಕಟ್ಟಳೆ. ಕಂಬ, ಧೂಳು, ಸೀಟಿ, ಪದಕ, ಓಡುವ ಕಾಲು ಎಂದು ಹಲಗೆ ತುಂಬಿತು. ಕೊನೆಗೆ ಹುಡುಗನೊಬ್ಬ ಎದ್ದು, "ದಾನಿಗಳ ಫೋಟೋ ಹಾಕಲೇಬೇಕಂತ್ರೀ ಮೇಡಂ, ಹದಿನಾಲ್ಕು ಮಂದಿದು" ಎಂದ. ಅದನ್ನೂ ಬರೆದ ಅಧ್ಯಾಪಕಿ, "ಕೂಡಿಸಿದ್ದಾಯಿತು, ಇನ್ನು ಬಿಡುವುದನ್ನು ಕಲಿಯೋಣ" ಎಂದರು.

ಬಳಿಕ ಅವರು ಎರಡು ಒಲಿಂಪಿಕ್ ಕ್ರೀಡಾಕೂಟಗಳ ಭಿತ್ತಿಪತ್ರಗಳನ್ನು ತೋರಿಸಿದರು. ಮೊದಲನೆಯದು 1964ರ ಟೋಕಿಯೋ ಕೂಟದ್ದು, ಯೂಸಾಕು ಕಾಮೆಕುರ ಅವರ ರಚನೆ. ಬಿಳಿಯ ಹಾಳೆಯ ಮೇಲೆ ದೊಡ್ಡ ಕೆಂಪು ವೃತ್ತ, ಅದರ ಕೆಳಗೆ ಹೊಂಬಣ್ಣದ ಐದು ಉಂಗುರ, ಊರ ಹೆಸರು, ವರ್ಷ. ಮತ್ತೇನೂ ಇಲ್ಲ. ಆದರೂ ಅದು ಜಪಾನೆಂದು ನೋಡಿದೊಡನೆ ತಿಳಿಯುತ್ತದೆ.

ಎರಡನೆಯದು 1972ರ ಮ್ಯೂನಿಕ್ ಕೂಟದ್ದು. ಅದರ ವಿನ್ಯಾಸದ ಹೊಣೆ ಹೊತ್ತವರು ಓಟ್ಲ್ ಐಖರ್. ನಾಜಿಗಳ ಆಳ್ವಿಕೆಯಲ್ಲಿ ಜರ್ಮನಿ 1936ರಲ್ಲಿ ಬರ್ಲಿನ್ನಿನಲ್ಲಿ ಒಲಿಂಪಿಕ್ ಕೂಟವನ್ನು ನಡೆಸಿತ್ತು. ಆ ಆಳ್ವಿಕೆಯನ್ನು ಕರಪತ್ರಗಳ ಮೂಲಕ ವಿರೋಧಿಸಿದ ಹಾನ್ಸ್ ಮತ್ತು ಸೋಫಿ ಶೋಲ್ ಎಂಬ ಒಡಹುಟ್ಟಿದವರು 1943ರಲ್ಲಿ ಮರಣದಂಡನೆಗೆ ಗುರಿಯಾದರು. ಅವರ ಅಕ್ಕ ಇಂಗೆಯನ್ನೇ ಐಖರ್ ಮುಂದೆ ವಿವಾಹವಾದರು. ಆ ನೋವನ್ನು ಹತ್ತಿರದಿಂದ ಕಂಡ ಅವರು ನಾಜಿಗಳ ಧ್ವಜದ ಕೆಂಪನ್ನು ಬಿಟ್ಟು, ತಿಳಿನೀಲಿ ಮತ್ತು ಹಸಿರಿಗೆ ಪ್ರಾಶಸ್ತ್ಯವಿತ್ತರು. ಟೋಕಿಯೋದಲ್ಲಿ ಉದಯಸೂರ್ಯನಾದ ಬಣ್ಣವೇ ಮ್ಯೂನಿಕ್‌ನಲ್ಲಿ ವರ್ಜ್ಯವಾಯಿತು. ಬಣ್ಣದ ಅರ್ಥ ಡಬ್ಬಿಯಲ್ಲಿಲ್ಲ, ಜನರ ನೆನಪಿನಲ್ಲಿದೆ.

ಅನಂತರ ಮಕ್ಕಳು ಒಂದೊಂದನ್ನೇ ಅಳಿಸತೊಡಗಿದರು. ಪದಕ ಎಲ್ಲ ಆಟಗಳಿಗೂ ಸಲ್ಲುವುದೆಂದು ಹೋಯಿತು, ಸೀಟಿಯೂ ಹಾಗೆಯೇ. ಖೋ-ಖೋಗೆ ಮಾತ್ರ ಸಲ್ಲುವುದು ಯಾವುದು? ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ, ಒಬ್ಬರು ಅತ್ತ ಮತ್ತೊಬ್ಬರು ಇತ್ತ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವಳು ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಎಂದಾಗಲೇ ಕುಳಿತವಳು ಏಳಬೇಕು. ನಮ್ಮ ಹುಡುಗಿ ಬಾಗಿದ ಬೆನ್ನುಗಳ ಒಂದು ಸಾಲನ್ನೂ ಒಂದು ಅಂಗೈಯನ್ನೂ ಬರೆದಳು. ದಾನಿಗಳ ಹೆಸರು ಕೆಳಗೆ ಒಂದು ಸಾಲಾಯಿತು. ಮುಖಗಳಿಗೆ ಎಡೆ ಉಳಿಯಲಿಲ್ಲ.

ಆ ಹದಿನಾಲ್ವರಲ್ಲಿ ಅವಳ ಅಜ್ಜನೂ ಒಬ್ಬರು! ಸಂಜೆ ಅಳುಕುತ್ತಲೇ ಅವರ ಮುಂದೆ ಹಾಳೆಯನ್ನು ಹರಡಿದಳು. ಹಿರಿಯರು ಬಹಳ ಹೊತ್ತು ನೋಡಿ, "ನನ್ನ ಮಾರಿ ಊರಾಗ ಎಲ್ಲಾರಿಗೂ ಗೊತ್ತೈತವ್ವಾ. ಆಡೋ ಹುಡುಗ್ಯಾರು ಕಾಣಲಿ" ಎಂದರು. ಉಳಿದ ಹದಿಮೂವರನ್ನು ಒಪ್ಪಿಸಲು ಅವರಿಗೆ ಎರಡು ದಿನ ಬೇಕಾಯಿತು.

ಮನೆಯಲ್ಲಿ ಮಕ್ಕಳು ಹತ್ತು ಹಾಳೆ ಬರೆದು ಒಂಬತ್ತನ್ನು ಹರಿದರೆ, ಕಾಗದ ಹಾಳಾಯಿತೆಂದು ನಾವು ಗದರುತ್ತೇವೆ. ಆ ಒಂಬತ್ತು ಹಾಳೆಗಳಲ್ಲಿಯೇ ಅವರ ಕಲಿಕೆ ಇದೆ. ಬಿಡುವುದನ್ನು ಬಲ್ಲವರಿಗೇ ಉಳಿಸಿಕೊಳ್ಳಬೇಕಾದುದು ಯಾವುದೆಂದು ತಿಳಿಯುತ್ತದೆ. ಇದು ಮಕ್ಕಳಿಗಷ್ಟೇ ಅಲ್ಲ, ಹಿರಿಯರಿಗೂ ಸಲ್ಲುವ ಪಾಠ.