ಚುಕ್ಕಾಣಿಯ ಸೇವಕ

ಕಳೆದ ಬೇಸಗೆಯ ಒಂದು ಮಧ್ಯಾಹ್ನ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು, ಕೆಂಪು ಮಸಿಯ ಲೇಖನಿ ಹಿಡಿದು ಕುಳಿತಿದ್ದೆನು. ಆಗ ನನ್ನ ಮಗ ಬಂದು ಒಂದು ಚೀಟಿಯನ್ನು ಮೇಜಿನ ಮೇಲಿರಿಸಿದನು. ಅದರಲ್ಲಿದ್ದುದು ಎರಡೇ ಸಾಲು: ಒಂದು ‘ಅನಲಾಗ್ ಸರ್ವೊ’, ಇನ್ನೊಂದು ‘ಡಿಜಿಟಲ್ ಸರ್ವೊ’. ಎದುರಿಗೆ ಬೆಲೆ. ಎರಡನೆಯದರ ಬೆಲೆ ಮೊದಲನೆಯದರ ಎರಡರಷ್ಟನ್ನೂ ಮೀರಿತ್ತು. “ಯಾವುದನ್ನು ತರಿಸಲಿ, ಅಪ್ಪಾ?” ಎಂದು ಕೇಳಿದನು.

ಭಾಮಿನಿ ಯಾವುದು, ವಾರ್ಧಕ ಯಾವುದು ಎಂದು ಕೇಳಿದ್ದರೆ ನಿದ್ದೆಯಲ್ಲಿಯೂ ಉತ್ತರ ಹೇಳಿಯೇನು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಅವನು ಕೇಳಿದುದೇ ನನಗೆ ಪ್ರಿಯವಾಯಿತು. ಪರೀಕ್ಷೆಯ ವರ್ಷದಲ್ಲಿ ಈ ಆಟದ ಗಾಡಿಯನ್ನು ಕುರಿತು ನಮ್ಮಿಬ್ಬರ ನಡುವೆ ನಡೆದಿದ್ದ ಮಾತುಗಳಲ್ಲಿ ಹಿತವಾದುವು ಕಡಿಮೆ. ಬರುವ ತಿಂಗಳುಗಳಲ್ಲಿ ಅವನು ಬೇರೆ ಊರಿನ ಹಾಸ್ಟೆಲಿಗೆ ಹೊರಡುವವನು. ಹಣವೂ ನನ್ನದಲ್ಲ; ಅಜ್ಜಿ ಕೊಟ್ಟದ್ದು. ಹೀಗಿರುತ್ತ ತಾನಾಗಿ ಬಂದು ನನ್ನ ಅಭಿಪ್ರಾಯವನ್ನು ಕೇಳಿದನೆಂದರೆ, ಲೇಖನಿಯನ್ನು ಕೆಳಗಿಡುವುದು ನ್ಯಾಯವೆನಿಸಿತು.

ಗಾಡಿಯ ಪರಿಚಯವನ್ನು ವಾಚಕರಿಗೆ ಮಾಡಿಕೊಡಬೇಕು. ಅದರ ಹೆಸರು ಕ್ರಾಲರ್. ಗುಡ್ಡಗಾಡಿನ ಜೀಪನ್ನು ಹತ್ತನೆಯ ಒಂದು ಪಾಲಿಗೆ ಕುಗ್ಗಿಸಿದ ರೂಪ. ನಾಲ್ಕು ಚಕ್ರಗಳಿಗೂ ಮೋಟಾರಿನ ಬಲ. ಮೆದು ರಬ್ಬರಿನ ದಪ್ಪ ಟೈರು. ಆಜ್ಞೆ ಮಾತ್ರ ನಮ್ಮ ಕೈಯಲ್ಲಿರುವ ಪ್ರೇಷಕದಿಂದ ರೇಡಿಯೊ ಅಲೆಯ ಮೂಲಕ ಹೋಗುತ್ತದೆ. ಓಡುವುದು ಇದರ ಧರ್ಮವಲ್ಲ, ತೆವಳುವುದು ಧರ್ಮ. ಬಂಡೆಯ ಮೇಲೆ ಇರುವೆಯ ವೇಗದಲ್ಲಿ ಹತ್ತಿ, ಮಗುಚಿಕೊಳ್ಳದೆ ಇಳಿಯಬೇಕು. ನಮ್ಮದು ಚಿತ್ರದುರ್ಗದ ಸೀಮೆ. ಇಲ್ಲಿ ಏನಕ್ಕೆ ಬಡತನವಿದ್ದರೂ ಬಂಡೆಗೆ ಬಡತನವಿಲ್ಲ. ಹೀಗೆ ಹತ್ತುವಾಗಲೇ ಮುಂದಿನ ಚಕ್ರ ಎರಡು ಕಲ್ಲುಗಳ ಸಂದಿಗೆ ಸಿಕ್ಕಿ, ಅದನ್ನು ತಿರುಗಿಸುವ ಸರ್ವೊವಿನೊಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಮುರಿದಿತ್ತು.

ಶಬ್ದದ ಮೂಲವನ್ನು ಹುಡುಕದೆ ಮುಂದೆ ಹೋಗುವ ಅಭ್ಯಾಸ ನನಗಿಲ್ಲ. ಲ್ಯಾಟಿನ್ನಿನಲ್ಲಿ ‘ಸರ್ವಸ್’ ಎಂದರೆ ದಾಸ. ಫ್ರಾನ್ಸಿನ ಯಂತ್ರಶಿಲ್ಪಿ ಜೋಸೆಫ್ ಫಾರ್ಕೊ ಹಡಗಿನ ಚುಕ್ಕಾಣಿಯನ್ನು ಹಬೆಯ ಬಲದಿಂದ ತಿರುಗಿಸುವ ಯಂತ್ರವನ್ನು ರಚಿಸಿ, 1873ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅದನ್ನು ‘ಸರ್ವೊ-ಮೋಟರ್’ ಎಂದು ಕರೆದನು. 1898ರಲ್ಲಿ ನಿಕೋಲ ಟೆಸ್ಲಾ ರೇಡಿಯೊ ಅಲೆಯಿಂದ ನಡೆಯುವ ಪುಟ್ಟ ದೋಣಿಯೊಂದನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದಾಗ, ದೂರದಿಂದ ತಿರುಗಿದುದೂ ಚುಕ್ಕಾಣಿಯೇ. ನಮ್ಮಲ್ಲಿ ಚುಕ್ಕಾಣಿ ಹಿಡಿದವನಿಗೆ ಕರ್ಣಧಾರನೆಂಬ ಗೌರವದ ಹೆಸರಿದೆ. ಸರ್ವೊ ಕರ್ಣಧಾರನಲ್ಲ; ಕರ್ಣಧಾರನ ಸೇವಕ. ಮಗನಿಗೆ ಇಷ್ಟನ್ನು ಹೇಳಿದೆನು. ಅವನು ತಾಳ್ಮೆಯಿಂದ ಕೇಳಿ, “ಅದೆಲ್ಲ ಸರಿ, ಅಪ್ಪಾ. ಈಗ ಒಳಗೆ ಏನಿದೆ ನೋಡಿ” ಎಂದು ಮುರಿದ ಸರ್ವೊವನ್ನು ಹಳೆಯ ಪತ್ರಿಕೆಯ ಮೇಲೆ ಬಿಚ್ಚಿದನು.

ಬೆಂಕಿಪೆಟ್ಟಿಗೆಗಿಂತ ಕೊಂಚ ದಪ್ಪನಾದ ಆ ಗೂಡಿನಲ್ಲಿ ನಾಲ್ಕು ಅಂಗಗಳಿದ್ದವು: ಒಂದು ಪುಟ್ಟ ಮೋಟಾರು, ಅದರ ಓಟವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುವ ಹಲ್ಲುಚಕ್ರಗಳ ಸಾಲು, ದಂಡ ಎಷ್ಟು ತಿರುಗಿದೆಯೆಂದು ತಿಳಿಸುವ ಪೊಟೆನ್ಷಿಯೊಮೀಟರು, ಎಂದರೆ ಹಳೆಯ ರೇಡಿಯೊದ ಧ್ವನಿಯನ್ನು ಏರಿಸಿ ಇಳಿಸುವ ತಿರುಪಿನಲ್ಲಿರುವಂಥದೇ, ಮತ್ತು ಇವುಗಳನ್ನು ನಡೆಸುವ ಒಂದು ವಿದ್ಯುನ್ಮಂಡಲ. ಆಜ್ಞೆ ಬರುವುದು ವಿದ್ಯುತ್ತಿನ ಮಿಡಿತಗಳ ರೂಪದಲ್ಲಿ, ಸಾಮಾನ್ಯವಾಗಿ 20 ಮಿಲಿಸೆಕೆಂಡಿಗೆ ಒಂದರಂತೆ, ಸೆಕೆಂಡಿಗೆ 50. ಮಿಡಿತದ ಅವಧಿ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ. 1ಕ್ಕೆ ಇಳಿದರೆ ಒಂದು ಪಕ್ಕ, 2ಕ್ಕೆ ಏರಿದರೆ ಇನ್ನೊಂದು ಪಕ್ಕ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು! ನನಗೆ ಈ ಯಂತ್ರದ ಮೇಲೆ ಪ್ರೀತಿ ಹುಟ್ಟಿದುದು ಆ ಗಳಿಗೆಯಲ್ಲಿ.

ಆಜ್ಞೆಗೂ ದಂಡದ ನಿಲುವಿಗೂ ವ್ಯತ್ಯಾಸ ಕಂಡರೆ ಮೋಟಾರಿಗೆ ವಿದ್ಯುತ್ತನ್ನು ಕೊಟ್ಟು ತಿದ್ದುವುದು ಮಂಡಲದ ಕೆಲಸ. ಅನಲಾಗ್ ಸರ್ವೊ ಆಜ್ಞೆಯ ಮಿಡಿತ ಬಂದಾಗಲೊಮ್ಮೆ, ಸೆಕೆಂಡಿಗೆ 50 ಸಲ ತಿದ್ದುತ್ತದೆ. ತಪ್ಪು ದೊಡ್ಡದಾದರೆ ದೀರ್ಘವಾದ ತಳ್ಳು. ಸಣ್ಣದಾದರೆ ಕ್ಷಣಮಾತ್ರದ ತಳ್ಳು, ನಡುವೆ ವಿರಾಮ. ಆದುದರಿಂದ ಕಲ್ಲು ಚಕ್ರವನ್ನು ತುಸುವೇ ಸರಿಸಿದಾಗ ಅದು ಮೆಲ್ಲನೆ ಸೋಲುತ್ತದೆ. ಇನ್ನಷ್ಟು ಸರಿದ ಮೇಲೆಯೇ ಪೂರ್ಣ ಬಲದಿಂದ ಎದುರು ನಿಲ್ಲುತ್ತದೆ. ಡಿಜಿಟಲ್ ಸರ್ವೊವಿಗೆ ಬರುವ ಆಜ್ಞೆಯೂ ಅದೇ. ಆದರೆ ಅದರಲ್ಲಿರುವ ಪುಟ್ಟ ಗಣಕ ಆ ಆಜ್ಞೆಯನ್ನು ನೆನಪಿನಲ್ಲಿಟ್ಟುಕೊಂಡು ಸೆಕೆಂಡಿಗೆ 300 ಸಲವೋ ಅದಕ್ಕೂ ಹೆಚ್ಚಾಗಿಯೋ ಮೋಟಾರನ್ನು ತಳ್ಳುತ್ತದೆ. ಎಳ್ಳಷ್ಟು ತಪ್ಪಿಗೂ ತಡವಿಲ್ಲದೆ ಎದುರು ಬಲ. ಅದರಿಂದ ಹಿಡಿತ ಬಿಗಿ, ನೇರಕ್ಕೆ ಮರಳುವುದು ಖಚಿತ. ಹಾಗೆಯೇ ವಿದ್ಯುತ್ತಿನ ಖರ್ಚು ಹೆಚ್ಚು. ಸುಮ್ಮನೆ ನಿಂತಾಗಲೂ ಸಣ್ಣದೊಂದು ಗುಂಯ್‌ಗುಡುವಿಕೆ.

“ಹಾಗಾದರೆ ಡಿಜಿಟಲ್ ಎಂಬುದು ಹೆಚ್ಚು ಬಲಶಾಲಿ” ಎಂದೆನು. “ಅಲ್ಲ, ಅಪ್ಪಾ. ಅಲ್ಲಿಯೇ ಎಲ್ಲರೂ ಮೋಸಹೋಗುವುದು” ಎಂದನು. ಬಲ ಬರುವುದು ಮೋಟಾರಿನಿಂದ, ಹಲ್ಲುಚಕ್ರದಿಂದ, ವೋಲ್ಟೇಜಿನಿಂದ. ಇವು ಮೂರೂ ಒಂದೇ ಆಗಿದ್ದರೆ ಎರಡು ಜಾತಿಯ ಪರಮಾವಧಿ ಬಲವೂ ಒಂದೇ. ಡಿಜಿಟಲ್ ಅದನ್ನು ಬೇಗನೆ ಹೊರಗೆ ತರುತ್ತದೆ, ಅಷ್ಟೆ. ಕೊಳ್ಳುವವನು ಮೊದಲು ನೋಡಬೇಕಾದುದು ಕಿಲೋಗ್ರಾಂ-ಸೆಂಟಿಮೀಟರಿನ ಲೆಕ್ಕ. 20 ಎಂದಿದ್ದರೆ, ಅಚ್ಚಿನಿಂದ 1 ಸೆಂಟಿಮೀಟರ್ ದೂರದಲ್ಲಿ 20 ಕಿಲೋಗ್ರಾಂ ಭಾರವನ್ನು, 2 ಸೆಂಟಿಮೀಟರ್ ದೂರದಲ್ಲಿ 10 ಕಿಲೋಗ್ರಾಂ ಭಾರವನ್ನು ಅದು ತಡೆಯಬಲ್ಲುದು. ಈ ಅಳತೆಯ ಗಾಡಿ ಬಂಡೆ ಹತ್ತಬೇಕಾದರೆ 20ಕ್ಕೆ ಕಡಿಮೆಯಿಲ್ಲದಿರುವುದು ಲೇಸು. ಹಲ್ಲುಚಕ್ರಗಳು ಲೋಹದವಾಗಿರಬೇಕು, ಒಳಗೆ ನೀರು ನುಗ್ಗಬಾರದು. ತಿರುಗುವ ವೇಗಕ್ಕಾಗಿ ಓಟದ ಗಾಡಿಯವರು ಹಣ ಸುರಿಯಲಿ. ತೆವಳುವವನಿಗೆ ಅದು ಮುಖ್ಯವಲ್ಲ.

ಡಿಜಿಟಲನ್ನೇ ತರಿಸಿದೆವು. ಒಂದು ಭಾನುವಾರ ಬೆಳಿಗ್ಗೆ ಊರ ಹೊರಗಿನ ಬಂಡೆಗೆ ನಾನೂ ಹೋದೆನು. ಹಿಂದೆ ಚಕ್ರ ಕೊಸರಾಡಿ ಸೋಲುತ್ತಿದ್ದ ಸಂದಿಯಲ್ಲಿ ಈಗ ಅದು ತಿರುಗಿಸಿದಂತೆ ನಿಂತಿತು. ಗಾಡಿ ಕಲ್ಲನ್ನು ಒದ್ದುಕೊಂಡು ಮೇಲೆದ್ದಿತು. ಮೂರನೆಯ ಕಲ್ಲಿನ ನೆತ್ತಿಯಲ್ಲಿ ಚಕ್ರ ಸಿಕ್ಕಿಬಿದ್ದಿತು. ಮಗ ಬಲಕ್ಕೆ ಎಳೆದನು. ಒಮ್ಮೆಲೇ ಎಲ್ಲವೂ ಸತ್ತಂತಾಗಿ, ಮುಂಚಕ್ರಗಳು ಸಡಿಲಗೊಂಡು, ಗಾಡಿ ಹೊರಳಿ ಹೊರಳಿ ನನ್ನ ಕಾಲಬಳಿಗೆ ಬಂದು ಬಿದ್ದಿತು. “ದುಡ್ಡು ನೀರಿಗೆ ಹೋಯಿತು. ನಾನು ಅಂದೇ ಹೇಳಿದ್ದೆ” ಎಂಬ ಮಾತು ನನ್ನ ಬಾಯಿಂದ ಹೊರಟೇಹೋಯಿತು. ನಾನು ಅಂದು ಏನನ್ನೂ ಹೇಳಿರಲಿಲ್ಲ. ಮಗನ ಮುಖ ಬಾಡಿತು. ಮನೆಯವರೆಗೆ ಒಂದು ಮಾತೂ ಇಲ್ಲ.

ಸಂಜೆ ಅವನೇ ಕಾರಣವನ್ನು ಕಂಡುಹಿಡಿದನು. ಗಾಡಿಯ ಬ್ಯಾಟರಿ 7.4 ವೋಲ್ಟಿನದು. ಅದನ್ನು 6 ವೋಲ್ಟಿಗೆ ಇಳಿಸಿ ರೇಡಿಯೊ ಗ್ರಾಹಕಕ್ಕೂ ಸರ್ವೊವಿಗೂ ಹಂಚುವ ‘ಬಿ.ಇ.ಸಿ.’ ಎಂಬ ಭಾಗ ಮೋಟಾರಿನ ವೇಗನಿಯಂತ್ರಕದೊಳಗೇ ಇರುತ್ತದೆ. ನಮ್ಮದು ಕೊಡಬಲ್ಲುದು 2 ಆಂಪಿಯರ್. ತಿರುಗಲಾರದೆ ತಡೆಹಿಡಿದು ನಿಂತ ಹೊಸ ಸರ್ವೊ ಬೇಡುವುದು ಅದರ ಎರಡರಷ್ಟು. ಸೇವಕ ಅಷ್ಟನ್ನೂ ಸೆಳೆದಾಗ ವೋಲ್ಟೇಜು ಕುಸಿದು, ಗ್ರಾಹಕಕ್ಕೆ ಉಸಿರು ನಿಂತಿತು. ತಪ್ಪು ಸರ್ವೊವಿನದಲ್ಲ, ಸಂಬಳವನ್ನು ಲೆಕ್ಕ ಹಾಕದೆ ಬಲಶಾಲಿಯನ್ನು ಕೆಲಸಕ್ಕಿಟ್ಟುಕೊಂಡ ಯಜಮಾನರದು. ಕೆಲವು ನೂರು ರೂಪಾಯಿಗೆ ಪ್ರತ್ಯೇಕವಾದೊಂದು ಬಿ.ಇ.ಸಿ. ತಂದು ಬ್ಯಾಟರಿಯಿಂದ ನೇರವಾಗಿ ಸರ್ವೊವಿಗೆ ಜೋಡಿಸಿದನು. ಚಕ್ರ ತನ್ನ ತಿರುವಿನ ಕೊನೆಯನ್ನು ಮುಟ್ಟಿದ ಮೇಲೂ ಸರ್ವೊ ನೂಕುತ್ತಲೇ ಇದ್ದು ಸುಟ್ಟುಹೋಗದಂತೆ, ಪ್ರೇಷಕದಲ್ಲಿ ಚಲನೆಯ ಮೇರೆಯನ್ನೂ ತಗ್ಗಿಸಿದನು. ಮುಂದಿನ ಭಾನುವಾರ ಅದೇ ಮೂರನೆಯ ಕಲ್ಲನ್ನು ಗಾಡಿ ದಾಟಿತು. ಈ ಸಲ ನಾನು ಸುಮ್ಮನೆ ನಿಂತು ನೋಡಿದೆನು.

ಮುರಿದಿದ್ದ ಅನಲಾಗ್ ಸರ್ವೊವನ್ನು ಅವನು ಎಸೆಯಲಿಲ್ಲ. ಹೊಸ ಹಲ್ಲುಚಕ್ರ ತರಿಸಿ ರಿಪೇರಿ ಮಾಡಿ, ತಂಗಿಯ ಹಗುರವಾದ ಗಾಡಿಗೆ ಹಾಕಿಕೊಟ್ಟನು. ಅವಳ ಗಾಡಿ ಓಡುವುದು ಅಂಗಳದ ಮಣ್ಣಿನ ಮೇಲೆ. ಅಲ್ಲಿ ತಡೆದು ನಿಲ್ಲಬೇಕಾದ ಕಲ್ಲಿಲ್ಲ. ಸಣ್ಣ ಓರೆಯನ್ನು ಅದು ಮನ್ನಿಸಿಬಿಟ್ಟರೆ ನಷ್ಟವೂ ಇಲ್ಲ. ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ. ಯಾರಾದರೂ ನನ್ನನ್ನು ಕೇಳಿದರೆ ಈಗ ಹೇಳಬಲ್ಲೆ: ಬಂಡೆಯಾದರೆ ಡಿಜಿಟಲ್, ಆದರೆ ಮೊದಲು ಅದರ ಹಸಿವಿಗೆ ಏರ್ಪಾಡು ಮಾಡಿ; ಬಯಲಾದರೆ, ಚೀಲ ಹಗುರವಾದರೆ, ಅನಲಾಗ್ ಸಾಕು.

ಆ ರಾತ್ರಿ ಗಾಡಿಯ ಸ್ವಿಚ್ಚು ಆರಿಸುವುದನ್ನು ಮರೆತು ಮಕ್ಕಳು ಮಲಗಿದ್ದರು. ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ನನಗೆ ಮೂಲೆಯಿಂದ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಗಾಡಿ ಸಮನೆಲದ ಮೇಲೆ ನಿಂತಿತ್ತು, ಎದುರಿಗೆ ಕಲ್ಲಿರಲಿಲ್ಲ, ಸೇವಕ ಮಾತ್ರ ಇಲ್ಲದ ತಪ್ಪನ್ನು ಎಡೆಬಿಡದೆ ತಿದ್ದುತ್ತಿದ್ದನು. ಊಟದ ಎಲೆಯ ಮುಂದೆ, ಚಪ್ಪಲಿ ಬಿಡುವಲ್ಲಿ, ಪುಸ್ತಕ ಹಿಡಿಯುವಲ್ಲಿ ಒಂದು ವರ್ಷವಿಡೀ ಮಗನ ಹಿಂದೆ ನಾನು ಮಾಡಿದ್ದ ಸದ್ದು ಎಂಥದೆಂದು ಆಗ ತಿಳಿಯಿತು. ಎದ್ದು ಸ್ವಿಚ್ಚನ್ನು ಆರಿಸಿದೆನು.

ಅವನು ಹಾಸ್ಟೆಲಿಗೆ ಹೋದ ಮೊದಲ ವಾರ ಫೋನು ಮಾಡಿದನು. ಎಂಟು ಗಂಟೆಗೆ ಏಳುತ್ತಿದ್ದಾನೆ, ತಿಂಡಿ ಬಿಡುತ್ತಿದ್ದಾನೆ, ಬಟ್ಟೆ ಒಗೆದಿಲ್ಲ, ಅಜ್ಜಿಗೆ ಮಾತನಾಡಿಲ್ಲ. ನಾಲ್ಕು ತಿದ್ದುಪಡಿಗಳು ನಾಲಗೆಯ ತುದಿಗೆ ಬಂದವು. ಮೂರನ್ನು ನುಂಗಿಕೊಂಡು, “ತಿಂಡಿ ಬಿಡಬೇಡವೋ” ಎಂದಷ್ಟೇ ಹೇಳಿದೆನು. “ಆಗಲಿ, ಅಪ್ಪಾ” ಎಂದವನು, ತುಸು ಹೊತ್ತು ಸುಮ್ಮನಿದ್ದು, “ನನ್ನ ಗಾಡಿಯನ್ನು ನೀವು ಒಮ್ಮೊಮ್ಮೆ ಬಂಡೆಗೆ ಕರೆದುಕೊಂಡು ಹೋಗಿ” ಎಂದನು.