ಗ್ರಾಫಿಕ್ಸ್ ಕಾರ್ಡೂ ಗುಮಾಸ್ತನ ಕಿಸೆಯೂ

ಗಣಪತಿ ಹಬ್ಬದ ಮರುದಿನವೇ ಮಗನ ಕಂಪ್ಯೂಟರು ತಕರಾರು ತೆಗೆಯಿತು. ಹತ್ತು ನಿಮಿಷ ಓಡಿದರೆ ಪರದೆ ಕಪ್ಪು. ಅವನು ಕಾಲೇಜಿಗೆ ಅನಿಮೇಶನ್ ಕೆಲಸ ಒಪ್ಪಿಸಲು ಎಂಟು ದಿನ. ನಮಗೆ ಸಂಬಳ ಬರಲು ಹದಿನೈದು ದಿನ!

ಗೋರೆಗಾಂವಿನಿಂದ ಗ್ರಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳನ್ನು ಸುತ್ತಿದೆವು. (ಫಲಕದಲ್ಲಿ ಅದು ಡಾ. ಭಡಕಮ್ಕರ್ ಮಾರ್ಗ, ಹಾಗೆಂದರೆ ಟ್ಯಾಕ್ಸಿಯವನೂ ಮಿಕಮಿಕ ನೋಡುತ್ತಾನೆ.) 2019ರ ಜಿಟಿಎಕ್ಸ್ 1650ಕ್ಕೆ 4 ಜಿಬಿ, 75 ವ್ಯಾಟು ಸಾಕು. 2017ರ ಆರ್‌ಎಕ್ಸ್ 580ಕ್ಕೆ 8 ಜಿಬಿ, ಆದರೆ 185 ವ್ಯಾಟು. ಹಳೆಯದಾದ್ದರಿಂದ ಬೆಲೆ ಅಗ್ಗ. ಈಥರ್ ನಾಣ್ಯದ 'ಗಣಿ'ಯಲ್ಲಿ ಹಗಲಿರುಳು ದುಡಿದ ಇಂಥ ಕಾರ್ಡುಗಳೆಷ್ಟೋ, 2022ರ ಸೆಪ್ಟೆಂಬರಿನಲ್ಲಿ ಆ ಗಣಿ ಮುಚ್ಚಿದ ಮೇಲೆ ಪೇಟೆಗೆ ಬಂದವು. ಎಲ್ಲವೂ ಕೆಟ್ಟವೆಂದಲ್ಲ. ಆದರೆ ಕಣ್ಣೆದುರು ಅರ್ಧ ತಾಸು ಓಡಿಸಿ ತೋರಿಸದವನ ಬಳಿ ಕೊಳ್ಳಲೇಬಾರದು. ನಮ್ಮ ಹಳೆಯ ಪವರ್ ಸಪ್ಲೈ ಅದರ ಹಸಿವನ್ನು ತಾಳುವಂತೆಯೂ ಇರಲಿಲ್ಲ. ಬರಿಗೈಯಲ್ಲಿ ಮರಳಿದೆವು.

ಕಾರ್ಡನ್ನು ಓವನ್ನಿನಲ್ಲಿ ಬೇಯಿಸಿರೆಂದು ನೆರೆಯವರ ಸಲಹೆ. ಬೆಸುಗೆ ಕರಗಲು 217 ಡಿಗ್ರಿಯಾದರೂ ಬೇಕು. ಹಾಗೆ ಬಂದ ಜೀವ ನಾಲ್ಕು ದಿನದ್ದು, ಹೊಗೆಯೂ ವಿಷ. "ನನ್ನ ಓವನ್ ಮುಟ್ಟಿದರೆ ನೋಡಿ!" ಎಂದು ಮನೆಯವರೂ ಗುಡುಗಿದರು.

ತಂತಿ ಕಳಚಿ, ತಿರುಪು ಬಿಚ್ಚಿ ನೋಡಿದರೆ ರೆಕ್ಕೆಗಳ ನಡುವೆ ಧೂಳಿನ ಕಂಬಳಿ. ಚಿಪ್ಪಿನ ಮೇಲಣ ಥರ್ಮಲ್ ಪೇಸ್ಟ್ ಒಣಗಿ ಸುಣ್ಣ. ಕುಂಚದಿಂದ ಗುಡಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಪೇಸ್ಟನ್ನು ಕಡಲೆಕಾಳಷ್ಟು ಇಟ್ಟು, ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಬಿಗಿದೆವು. ಚಿಪ್ಪೇ ಸತ್ತಿದ್ದರೆ ಈ ಉಪಚಾರ ನಡೆಯುತ್ತಿರಲಿಲ್ಲ.

ಮಗ ಕೆಲಸ ಒಪ್ಪಿಸಿದ. 1650ರ ಮಾತನ್ನು ದೀಪಾವಳಿಯ ಬೋನಸ್ಸಿನವರೆಗೆ ಮುಂದೂಡಿದ್ದೇವೆ.