ರಿಯಾಕ್ಟ್ ಕಷ್ಟವೋ, ಕಲಿಸುವ ಕ್ರಮ ಕಷ್ಟವೋ?

ಕುದೂರಿನಿಂದ ಬೆಂಗಳೂರಿಗೆ ಬೆಳಗಿನ ಬಸ್ಸು ಹತ್ತುವವರಲ್ಲಿ ಬಿಸಿಎ, ಎಂಜಿನಿಯರಿಂಗ್ ಓದುವ ಮಕ್ಕಳು ಈಗ ಕಡಿಮೆಯೇನಿಲ್ಲ. ಊರಲ್ಲೇ ಪಿಯುಸಿ ಮುಗಿಸಿದವರು, ಕೆಲವರು ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದವರು. ವೆಬ್ ಡೆವಲಪ್‌ಮೆಂಟ್ ಕಲಿತರೆ ಕೆಲಸ ಗ್ಯಾರಂಟಿ ಎಂದು ಯಾರೋ ಹೇಳಿರುತ್ತಾರೆ, ಮೂರು ತಿಂಗಳ 'ಫುಲ್ ಸ್ಟ್ಯಾಕ್' ಕೋರ್ಸಿಗೆ ದುಡ್ಡು ಕಟ್ಟಿರುತ್ತಾರೆ. ಎಚ್‌ಟಿಎಮ್‌ಎಲ್ ಕೈಗೆ ಹತ್ತುವ ಮೊದಲೇ ರಿಯಾಕ್ಟ್ ಶುರು. ಪರದೆಯ ತುಂಬ ಕೆಂಪಕ್ಷರದ ಇಂಗ್ಲಿಷ್ ಎರರ್‌ಗಳು. ಆಮೇಲೆ ಬರುವ ಮಾತು ಒಂದೇ: "ಸಾರ್, ಇದು ನಮ್ಮಂಥೋರಿಗಲ್ಲ."

ಅವರಿಗೇ ಮೀಸಲಾದ ಕಷ್ಟ ಇದಲ್ಲ. ಆದರೆ ಅವರು ಹೇಳುವ ಕಷ್ಟ ಸುಳ್ಳೂ ಅಲ್ಲ.

ರಿಯಾಕ್ಟ್‌ನಂಥ ಫ್ರೇಮ್‌ವರ್ಕ್ ಎಂಬುದು ಯಾಕೆ ಹುಟ್ಟಿತು ಎನ್ನುವುದನ್ನು ನಮ್ಮ ಕಡೆಯ ಒಂದು ಕೆಲಸದಲ್ಲೇ ನೋಡೋಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಈಗ ನಡೆಯುವುದು ಇ-ಹರಾಜು. ರೈತ ತಂದ ಗೂಡಿಗೆ ಲಾಟ್ ನಂಬರ್ ಬೀಳುತ್ತದೆ, ನೂಲು ತೆಗೆಯುವ ರೀಲರುಗಳು ಗೂಡು ನೋಡಿ ಬಿಡ್ ಹಾಕುತ್ತಾರೆ, ದರ ಹಿಡಿಸದಿದ್ದರೆ ರೈತ ಒಲ್ಲೆ ಎನ್ನಬಹುದು. ಇಂಥ ಹರಾಜಿಗೆ ಒಂದು ಪುಟವನ್ನು ನೀವೇ ಬರೆಯಬೇಕಾಗಿ ಬಂತು ಎಂದಿಟ್ಟುಕೊಳ್ಳಿ. 47ನೇ ಲಾಟಿಗೆ ಕಿಲೋಗೆ 512 ಇದ್ದದ್ದು 518 ರೂಪಾಯಿ ಆಯಿತು. ಆ ಲಾಟಿನ ಸಾಲಿನಲ್ಲಿ ಅಂಕಿ ಬದಲಾಗಬೇಕು. ಪುಟದ ತಲೆಯಲ್ಲಿರುವ 'ಇಂದಿನ ಗರಿಷ್ಠ ದರ' ಬದಲಾಗಬೇಕು. 512 ಕೂಗಿದವನ ಪರದೆಯಲ್ಲಿ 'ನೀವೇ ಮುಂದಿದ್ದೀರಿ' ಎಂಬ ಸಾಲು ಅಳಿಯಬೇಕು. ರೈತನ ಮೊಬೈಲಿನಲ್ಲಿ ಹೊಸ ದರ ಕಾಣಬೇಕು. ಬರಿಯ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ ಈ ಒಂದೊಂದು ಜಾಗವನ್ನೂ ಹುಡುಕಿ ತಿದ್ದುವ ಹೊಣೆ ನಿಮ್ಮದು. ಒಂದನ್ನು ಮರೆತಿರೋ, ಒಂದೇ ಪುಟ ಎರಡು ದರ ಹೇಳುತ್ತದೆ. ಮಾರುಕಟ್ಟೆಯಲ್ಲಿ ಗಲಾಟೆಗೆ ಅಷ್ಟು ಸಾಕು.

ಫೇಸ್‌ಬುಕ್‌ನಂಥ ಕಂಪನಿಗೂ ಈ ಕಾಟ ತಪ್ಪಿರಲಿಲ್ಲ. ಮೆಸೇಜು ಓದಿಯಾದ ಮೇಲೂ 'ಓದದ ಸಂದೇಶ 1' ಎಂದು ತೋರಿಸುವ ದೋಷ ಎಷ್ಟು ಸಲ ತಿದ್ದಿದರೂ ಮರಳಿ ಬರುತ್ತಿತ್ತು ಎಂದು ಅಲ್ಲಿನ ಎಂಜಿನಿಯರುಗಳೇ 2014ರಲ್ಲಿ ವಿವರಿಸಿದ್ದಾರೆ. ಅದೇ ಕಂಪನಿಯ ಜೋರ್ಡಾನ್ ವಾಕ್ ರೂಪಿಸಿ, 2013ರಲ್ಲಿ ಎಲ್ಲರಿಗೂ ಮುಕ್ತವಾದ ರಿಯಾಕ್ಟ್ ಇಂಥ ಸಮಸ್ಯೆಗೆ ಕೊಟ್ಟ ಉತ್ತರ ಸರಳವಾದದ್ದು: ದರವನ್ನು ಒಂದೇ ಕಡೆ ಇಡಿ, ದರ ಇಷ್ಟಿದ್ದರೆ ಪುಟ ಹೀಗೆ ಕಾಣಬೇಕು ಎಂದು ಬರೆಯಿರಿ, ಎಲ್ಲೆಲ್ಲಿ ತಿದ್ದಬೇಕೆಂಬ ಚಿಂತೆ ನಮಗೆ ಬಿಡಿ. ಮುಂದಿನ ವರ್ಷವೇ ಬಂದ ವ್ಯೂ ಎಂಬ ಫ್ರೇಮ್‌ವರ್ಕಿನ ತಿರುಳೂ ಇದೇ. ಹರಾಜಿನ ಪುಟವನ್ನು ಒಮ್ಮೆ ಕೈಯಾರೆ ಬರೆದು ಬೇಸತ್ತವರಿಗೆ ಈ ಮಾತು ಅರ್ಥವಾಗಲು ಒಂದು ಮಧ್ಯಾಹ್ನ ಸಾಕು. ಬೇಸರವನ್ನೇ ಕಾಣದವರಿಗೆ ಮಾತ್ರ ಅದು ಕಾರಣವಿಲ್ಲದ ಕಟ್ಟಳೆಗಳ ರಾಶಿ.

ಈ ವ್ಯತ್ಯಾಸಕ್ಕೆ ಮನೋವಿಜ್ಞಾನದಲ್ಲಿ ವಿವರಣೆ ಇದೆ. ಹೊಸ ವಿಷಯವನ್ನು ತಲೆಯಲ್ಲಿ ಹಿಡಿದುಕೊಂಡು ಯೋಚಿಸಲು ಮಿದುಳಿಗಿರುವ ಜಾಗ ತೀರಾ ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಸುಮಾರು ಏಳು ಸಂಗತಿಗಳು ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ನಾಲ್ಕರ ಆಸುಪಾಸಿಗೆ ಇಳಿಸಿದರು. ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ 1988ರಲ್ಲಿ ಮುಂದಿಟ್ಟ ವಾದ ಈ ಕೊರತೆಯ ಮೇಲೇ ನಿಂತಿದೆ. ಆ ಚಿಕ್ಕ ಜಾಗವೆಲ್ಲ ಉತ್ತರ ಹುಡುಕುವ ಪರದಾಟಕ್ಕೇ ಖರ್ಚಾದರೆ ಕಲಿಕೆಗೆ ಏನೂ ಉಳಿಯುವುದಿಲ್ಲ. ರಿಯಾಕ್ಟಿನ ಮೊದಲ ಪಾಠ ನೋಡಿ: ಜೆಎಸ್‌ಎಕ್ಸ್, ಕಾಂಪೊನೆಂಟ್, ಪ್ರಾಪ್ಸ್, ಸ್ಟೇಟ್, ಜೊತೆಗೆ ಟರ್ಮಿನಲ್ ಕಮಾಂಡುಗಳು. ಇವನ್ನೆಲ್ಲ ಇನ್ನೂ ಪೂರ್ತಿ ಪಳಗದ ಇಂಗ್ಲಿಷಿನಲ್ಲಿ ಓದಬೇಕು. ನಾಲ್ಕರ ಜಾಗಕ್ಕೆ ಹತ್ತು ತುರುಕಿದರೆ ಜಾಣರೂ ಕಕ್ಕಾಬಿಕ್ಕಿಯಾಗುತ್ತಾರೆ. ಎಚ್‌ಟಿಎಮ್‌ಎಲ್, ಜಾವಾಸ್ಕ್ರಿಪ್ಟ್ ಪಳಗಿದವರಿಗೆ ಅದರಲ್ಲಿ ಅರ್ಧ ಆಗಲೇ ಒಂದು ಗಂಟಾಗಿ ಕಟ್ಟಿಕೊಂಡಿರುತ್ತದೆ, ಜಾಗ ಹಿಡಿಯುವುದಿಲ್ಲ.

ನಿಜವಾದ ಗೋಜಲು ಫ್ರೇಮ್‌ವರ್ಕ್‌ಗಿಂತ ಅದರ ಪರಿವಾರದ್ದು ಎಂದು ನನ್ನ ಅನಿಸಿಕೆ. ಬೇರೆಯವರು ಬರೆದಿಟ್ಟ ಕೋಡಿನ ಒಂದು ಪ್ಯಾಕೇಜು ಇನ್ನೊಂದನ್ನು ನಂಬಿರುತ್ತದೆ, ಅದು ಮತ್ತೊಂದನ್ನು. 2016ರ ಮಾರ್ಚಿನಲ್ಲಿ ಒಬ್ಬ ಪ್ರೋಗ್ರಾಮರ್ ಹೆಸರಿನ ಜಗಳವೊಂದರಲ್ಲಿ ಬೇಸತ್ತು ತನ್ನ ಪ್ಯಾಕೇಜುಗಳನ್ನು ಎನ್‌ಪಿಎಮ್ ಎಂಬ ಪ್ಯಾಕೇಜು ಭಂಡಾರದಿಂದ ತೆಗೆದುಬಿಟ್ಟ. ಅದರಲ್ಲಿ 'ಲೆಫ್ಟ್-ಪ್ಯಾಡ್' ಎಂಬುದೊಂದು, ಬರೀ 11 ಸಾಲಿನದು. ಪದದ ಎಡಗಡೆ ಖಾಲಿ ಜಾಗ ತುಂಬುವುದಷ್ಟೇ ಅದರ ಕೆಲಸ. ಅದಿಲ್ಲದೆ ಜಗತ್ತಿನಾದ್ಯಂತ ಸಾವಿರಾರು ಯೋಜನೆಗಳ ಬಿಲ್ಡ್ ಕೆಟ್ಟು ನಿಂತಿತು. ಅಂಥ ಎರರ್ ಬಂದಾಗ ಕಲಿಯುವವರು 'ನನ್ನ ತಪ್ಪೇನು' ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅವರ ತಪ್ಪು ಅಲ್ಲಿ ಏನೂ ಇರುವುದಿಲ್ಲ.

ಇನ್ನೊಂದು ಪೇಚಾಟ ಹಳತಾಗುವುದು. ಗೂಗಲ್ 2010ರಲ್ಲಿ ತಂದ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ ಕಲಿತವರು 2016ರಲ್ಲಿ, ಪೂರಾ ಬೇರೆಯಾಗಿ ಬರೆದ ಆಂಗ್ಯುಲರ್ 2ನ್ನು ಹೊಸದಾಗಿ ಕಲಿಯಬೇಕಾಯಿತು. ಹಳೆಯದಕ್ಕೆ 2021ರ ಕೊನೆಯಲ್ಲಿ ಬೆಂಬಲವೂ ನಿಂತಿತು. ಟಿಮ್ ಬರ್ನರ್ಸ್-ಲೀ 1991ರಲ್ಲಿ ಜನರಿಗೆ ತೆರೆದಿಟ್ಟ, ಎಚ್‌ಟಿಎಮ್‌ಎಲ್‌ನಲ್ಲಿ ಬರೆದ ಮೊದಲ ವೆಬ್ ಪುಟವಾದರೋ ಇವತ್ತಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಯಾವುದರ ಮೇಲೆ ಮೊದಲು ಹೊತ್ತು ಕಳೆಯಬೇಕು ಎಂಬುದಕ್ಕೆ ಬೇರೆ ವಾದ ಬೇಕಿಲ್ಲ. ಊರಿನ ಅಂಗಡಿಗೋ ಭೈರವನದುರ್ಗದ ಚಾರಣದ ಮಾಹಿತಿಗೋ ನಾಲ್ಕು ಪುಟದ ಸೈಟು ಮಾಡಲು ರಿಯಾಕ್ಟ್ ಹಿಡಿಯುವುದು, ಮೂರು ಜನರ ಸಾರಿಗೆ ಮದುವೆ ಮನೆಯ ಹಂಡೆ ಒಲೆಗೇರಿಸಿದ ಹಾಗೆ.

ಯಾವ ಫ್ರೇಮ್‌ವರ್ಕೂ ಹೇಳಿಕೊಡದ ಸಂಗತಿಗಳೂ ಇವೆ. ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು ಎಫ್12 ಒತ್ತಿ, ಕನ್ಸೋಲ್‌ಗೆ ಹೋಗಿ 'ಕುದೂರು' ಎಂಬ ಪದದ ಲೆಂತ್ ಕೇಳಿ ನೋಡಿ. ಕಣ್ಣಿಗೆ ಮೂರೇ ಅಕ್ಷರ, ಜಾವಾಸ್ಕ್ರಿಪ್ಟ್ ಕೊಡುವ ಉತ್ತರ 6. ಕ, ದ, ರ ಒಂದೊಂದಾಗಿ, ಅವುಗಳ ಕೊಂಬುಗಳು ಬೇರೆಯಾಗಿ, ಹೀಗೆ ಯೂನಿಕೋಡ್ ಎಣಿಸುತ್ತದೆ. ಕನ್ನಡದಲ್ಲಿ ಫಾರಂ ಮಾಡುವವರು 'ಹೆಸರು 10 ಅಕ್ಷರ ಮೀರಬಾರದು' ಎಂದು ಇದೇ ಲೆಂತ್ ನಂಬಿ ಬರೆದರೆ ಐದಾರು ಅಕ್ಷರದ ಹೆಸರೂ ಹೊರಗುಳಿಯುತ್ತದೆ. ಇದಕ್ಕೆ ಜಾವಾಸ್ಕ್ರಿಪ್ಟ್‌ನಲ್ಲೇ 'ಇಂಟ್ಲ್ ಸೆಗ್ಮೆಂಟರ್' ಎಂಬ ಪರಿಹಾರವಿದೆ, ಅದು ಮೂರು ಎಂದೇ ಎಣಿಸುತ್ತದೆ. ರಿಯಾಕ್ಟ್ ಬಂದರೂ ವ್ಯೂ ಬಂದರೂ ಈ ತಿಳಿವಳಿಕೆ ನಿಮ್ಮದೇ ಆಗಿರಬೇಕು.

ಕಲಿಸುವವರಿಗೆ ಒಂದು ಮಾತು. ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಲೆಕ್ಕ ಕೊಟ್ಟು ಮಾಡಿ ಎಂದು ಬಿಟ್ಟವರಿಗಿಂತ ಬಿಡಿಸಿದ ಲೆಕ್ಕಗಳನ್ನು ಓದಿಕೊಂಡವರು ಅದೇ ಥರದ ಲೆಕ್ಕಗಳನ್ನು ಬೇಗ ಬಿಡಿಸಿದರು. ಕನ್ನಡದಲ್ಲಿ ನಮಗೆ ಬೇಕಿರುವುದೂ ಅದೇ. ಗೂಡಿನ ಹರಾಜು, ಹಾಲಿನ ಡೈರಿಯ ಲೆಕ್ಕ, ಬಸ್ಸಿನ ವೇಳಾಪಟ್ಟಿ ಇಂಥ ಹತ್ತು ಪುಟಗಳನ್ನು ಮೊದಲು ಫ್ರೇಮ್‌ವರ್ಕ್ ಇಲ್ಲದೆ, ಆಮೇಲೆ ಇಟ್ಟುಕೊಂಡು, ಸಾಲು ಸಾಲಿಗೂ ಯಾಕೆಂದು ಕನ್ನಡದಲ್ಲಿ ಬಿಡಿಸಿ ಬರೆದಿಡಿ. ನಮ್ಮ ಐಟಿ ಕಂಪನಿಗಳಲ್ಲಿ ಈ ಕೆಲಸ ಬಲ್ಲ ಕನ್ನಡಿಗರು ಬೇಕಾದಷ್ಟಿದ್ದಾರೆ. ಒಬ್ಬೊಬ್ಬರು ಒಂದೊಂದು ಪುಟ ಬರೆದರೂ ಕುದೂರಿನ ಮಕ್ಕಳಿಗೆ ಆ ಮೂರು ತಿಂಗಳ ಕೋರ್ಸಿನ ದುಡ್ಡು ಉಳಿಯುತ್ತದೆ.